ಅತ್ತೆಗೊಂದು ತಾಳ, ಸೊಸೆಗೊಂದು ಕೋಲು

ವಿಶ್ವವಿದ್ಯಾಲಯದ ಸಿಂಫನಿ ಆರ್ಕೆಸ್ಟ್ರಾಕ್ಕೆ ಸೊಸೆ ಕೋಲು ಹಿಡಿದು ನಡೆಸುವ ಕಂಡಕ್ಟರ್ ಆದಾಗ ಪಕ್ಕದ ಮನೆಯಾಕೆ ಅತ್ತೆಯನ್ನು ಕೇಳಿದ್ದು ಒಂದೇ ಪ್ರಶ್ನೆ: "ಯಾವ ರೂಟಂತೆ?"

"ಮನೆಯಿಂದ ಸ್ಟೇಜು, ಸ್ಟೇಜಿಂದ ಮನೆ. ಎರಡೂ ಕಡೆ ಅವಳದೇ ಸೀಟಿ" ಎಂದರು ಅತ್ತೆ. ಹೇಳುವಾಗ ಅವರ ಎದೆ ಎರಡಂಗುಲ ಉಬ್ಬಿತ್ತು.

ಅತ್ತೆಯೂ ಕಡಿಮೆಯವರಲ್ಲ. ರಸಾಯನಶಾಸ್ತ್ರ ವಿಭಾಗದ ಸ್ಟೋರಿನಲ್ಲಿ ಮೂವತ್ತು ವರ್ಷ ಗಾಜಿನ ಸಾಮಾನು ಕಾಯ್ದವರು, ಒಂದು ಪಿಪೆಟ್ ಕೂಡ ಒಡೆದವರಲ್ಲ. ಹಗಲೆಲ್ಲ ಸದ್ದಾಗದಂತೆ ಎಚ್ಚರ ವಹಿಸಿದ ಕೈಗಳಿಗೆ ಸಂಜೆ ಒಂದಿಷ್ಟು ಸದ್ದು ಮಾಡುವ ಆಸೆ. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ಅದೇ ಆರ್ಕೆಸ್ಟ್ರಾದ ಕೊನೆಯ ಸಾಲಿನಲ್ಲಿ ತಾಳ ಹಿಡಿದಿದ್ದರು. ಅಂಗೈಯಗಲದ ತಾಳವಲ್ಲ; ಊಟದ ತಟ್ಟೆಗಿಂತ ದೊಡ್ಡ ಎರಡು ಲೋಹದ ತಟ್ಟೆಗಳು. ಪಿಟೀಲಿನವರು ಗಂಟೆಗಟ್ಟಲೆ ಉಜ್ಜುತ್ತಾರೆ, ತಾಳದವರು ಗಂಟೆಗಟ್ಟಲೆ ಕಾಯುತ್ತಾರೆ. ಅಲ್ಲಿ ತಾಳಕ್ಕಿಂತ ತಾಳ್ಮೆಯ ಕೆಲಸವೇ ಜಾಸ್ತಿ. 'ತಾಳಿದವನು ಬಾಳಿಯಾನು' ಎಂಬ ಗಾದೆಯಿಂದ ಹೆಂಗಸರನ್ನು ಬಿಟ್ಟವನು ಯಾರೋ ಪಿಟೀಲಿನವನೇ ಇರಬೇಕು.

ಹೋದ ವರ್ಷ, ಸೊಸೆಯ ಮೊದಲ ಕಚೇರಿಯಲ್ಲೇ ಎಡವಟ್ಟಾಯಿತು. ಇಡೀ ಆರ್ಕೆಸ್ಟ್ರಾ ಉಸಿರು ಬಿಗಿಹಿಡಿದು ಮೌನವಾಗಿದ್ದ ಗಳಿಗೆಯಲ್ಲಿ ಹಿಂದಿನಿಂದ 'ಢಣ್!' ಎಂದಿತು. ಮುಂದಿನ ಸಾಲಿನಲ್ಲಿದ್ದ ಕುಲಪತಿಗಳಿಗೆ ಎಚ್ಚರವಾಯಿತು. ಅಪರಾಧ ಅದು.

ಈ ವರ್ಷ ತಾಲೀಮಿನ ಹಾಲಿಗೆ ರಿಜಿಸ್ಟ್ರಾರ್ ಖುದ್ದಾಗಿ ಬಂದರು. ಅವರಿಗೆ ಗೊತ್ತಿದ್ದದ್ದು ಒಂದೇ ಬಗೆಯ ಕಚೇರಿ. ಅದರಲ್ಲಿ ಕುರ್ಚಿಗಳಿದ್ದವು, ಸಂಗೀತ ಇರಲಿಲ್ಲ.

"ಮೇಡಂ, ಈ ಸಲದ ಸಿಂಫನೀಲಿ ತಾಳಕ್ಕೆ ಎಷ್ಟು ಏಟು?"

"ಒಂದೇ ಸರ್. ಎರಡನೇ ಭಾಗದ ಕೊನೇಲಿ."

"ಒಂದೇ? ಒಂದು ಗಂಟೆ ಕೂತು ಒಂದೇ ಏಟಾ? ನಮ್ಮ ಆಫೀಸಲ್ಲೂ ಇಷ್ಟು ಕಮ್ಮಿ ಕೆಲಸ ಯಾರೂ ಮಾಡಲ್ಲ."

"ಅಷ್ಟು ಖಡಾಖಂಡಿತವಾಗಿ ಹೇಳ್ಬೇಡಿ ಸರ್."

ರಿಜಿಸ್ಟ್ರಾರ್ ನಗಲಿಲ್ಲ. "ಇದೊಂದೂ ತಪ್ಪಿದ್ರೆ ನಿಮ್ಮ ಅತ್ತೆ ಅಂತ ನಾನು ನೋಡಲ್ಲ. ಅವರನ್ನ ಬಿಡಿಸಿ ಬೇರೆಯವರನ್ನ ಹಾಕ್ತೀನಿ. ಕಾಗದ ರೆಡಿ ಇದೆ."

ಕೊನೆಯ ಸಾಲಿನಲ್ಲಿ ತಾಳದ ತಟ್ಟೆ ಒರೆಸುತ್ತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತು. ಒರೆಸುವ ಬಟ್ಟೆ ಒಂದು ಸುತ್ತು ಹೆಚ್ಚಿಗೆ ತಿರುಗಿತು, ಅಷ್ಟೆ.

ಭಾನುವಾರ ಬೆಳಿಗ್ಗೆ ಸೊಸೆ ಹೋದ ವರ್ಷದ ವಿಡಿಯೋ ಹಾಕಿಕೊಂಡು ಕೂತಳು. ಸ್ಟೇಜಿನ ಪಕ್ಕದ ಬಾಗಿಲಲ್ಲಿ ನಿಂತು ಅದನ್ನು ತೆಗೆದವನು ಅವಳ ಗಂಡ. ಮನೆಯಲ್ಲಿ ಅವನ ಪಾಡು ಮದ್ದಳೆಯದು, ಎರಡೂ ಕಡೆಯಿಂದ ಏಟು. ಆದರೆ ವಿಡಿಯೋದಲ್ಲಿ ಮಾತ್ರ ಪಕ್ಷ ಕಟ್ಟಿದ್ದ: ಕ್ಯಾಮೆರಾ ಪೂರ್ತಿ ಹೆಂಡತಿಯ ಮುಖದ ಮೇಲೆ. ಹಾಗಾಗಿಯೇ ಕಂಡಿತು. ಆ ಮೌನದ ಗಳಿಗೆಯಲ್ಲಿ ಅವಳ ಕನ್ನಡಕ ಮೂಗಿನಿಂದ ಜಾರಿತ್ತು. ಅದನ್ನು ಮೇಲೆ ತಳ್ಳಲು ಎಡಗೈ ಎದ್ದಿತ್ತು. ತಾಳಕ್ಕೆ 'ಹೊಡಿ' ಎನ್ನುವ ಸನ್ನೆಯೂ ಅದೇ ಎಡಗೈ. ಢಣ್!

ಅತ್ತೆ ವರಾಂಡದಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದರು.

"ಅತ್ತೆ, ಹೋದ್ವರ್ಷ ತಪ್ಪಿದ್ದು ನೀವಲ್ಲ. ನಾನು."

"ಗೊತ್ತು ಬಿಡು."

"ಗೊತ್ತಿತ್ತಾ?"

"ಕೋಲು ಹಿಡಿದೋಳು ಕೈ ಎತ್ತಿದ್ರೆ ಹೊಡೀಬೇಕು. ಅದು ತಾಳಕ್ಕೋ ಮೂಗಿಗೋ ಅಂತ ವಿಚಾರಣೆ ಮಾಡ್ತಾ ಕೂರೋಕಾಗುತ್ತಾ?"

"ಮತ್ತೆ ಯಾಕೆ ಹೇಳ್ಲಿಲ್ಲ? ವರ್ಷಪೂರ್ತಿ ಎಲ್ರೂ ನಿಮ್ಮನ್ನ ಆಡ್ಕೊಂಡ್ರು."

ಅತ್ತೆ ಟವೆಲ್ಲಿನ ಎರಡು ಮೂಲೆ ಕೂಡಿಸಿದರು. "ನಿಂದು ಮೊದಲ್ನೇ ಕಚೇರಿ ಕಣೇ. ಹೊಸ ಕಂಡಕ್ಟರ್ ತಪ್ಪು ಅಂದ್ರೆ ಕೋಲು ಕಿತ್ಕೋತಾರೆ. ಮುದುಕಿ ತಪ್ಪು ಅಂದ್ರೆ ನಕ್ಕು ಸುಮ್ನಾಗ್ತಾರೆ. ಮೂವತ್ತು ವರ್ಷ ಗಾಜು ಕಾದೋಳು ನಾನು. ನಿನ್ನ ಹೆಸರು ಒಡೆಯೋಕೆ ಬಿಡ್ತೀನಾ? ಈಗ್ಲೂ ನೀನು ಬಾಯಿ ಬಿಡ್ಬೇಡ."

ಮಾತು ಕೇಳುವ ಸೊಸೆಯಾಗಿದ್ದರೆ ಅವಳು ಕಂಡಕ್ಟರ್ ಆಗುತ್ತಲೇ ಇರಲಿಲ್ಲ. ಮರುದಿನ ತಾಲೀಮಿನಲ್ಲಿ ಅರವತ್ತು ಜನರ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಿ, "ಈ ಸಲ ಆ ಏಟಿಗೆ ನಾನು ಕೈ ತೋರ್ಸಲ್ಲ. ಅವರೇ ಎಣಿಸ್ತಾರೆ, ಅವರೇ ಹೊಡೀತಾರೆ. ಅವರು ಹೊಡೆದಾಗ ನಾವೆಲ್ಲ ಸರಿಯಾಗಿ ಆ ಜಾಗಕ್ಕೆ ಬಂದಿರ್ಬೇಕು" ಎಂದಳು.

"ಅಯ್ಯೋ, ನನ್ನ ಕುತ್ತಿಗೆಗೇ ತಂದ್ಯಲ್ಲೇ!" ಎಂದರು ಹಿಂದಿನಿಂದ ಅತ್ತೆ. ದನಿ ಬೈಗುಳದ್ದು, ಮುಖ ಹಬ್ಬದ್ದು.

ಕಚೇರಿಯ ದಿನ ಸಂಜೆ ಐದಕ್ಕೆ ಹಾಲು ತುಂಬಿತ್ತು. ರಿಜಿಸ್ಟ್ರಾರ್ ಮೊದಲ ಸಾಲಿನಲ್ಲಿ, ಕಾಗದ ತೊಡೆಯ ಮೇಲೆ. ಸೊಸೆಯ ಕನ್ನಡಕಕ್ಕೆ ಹಿಂದಿನಿಂದ ದಾರದ ಗಂಟು. ಎರಡನೇ ಭಾಗ ಶುರುವಾಯಿತು. ಈ ಸಂಗೀತದಲ್ಲಿ ಎಣಿಕೆಯ ಒಂದೊಂದು ಸುತ್ತಿಗೂ 'ಬಾರ್' ಎನ್ನುತ್ತಾರೆ. ಆ ಒಂದು ಏಟಿಗೆ ಮುನ್ನ ನೂರೆಪ್ಪತ್ತಾರು ಬಾರ್. ದಾರಿಯಲ್ಲಿ ಅಷ್ಟೊಂದು ಬಾರ್ ಸಿಕ್ಕರೂ ಎಲ್ಲೂ ತೂರಾಡದೆ ದಾಟುವುದು ಗಟ್ಟಿಗರಿಗೆ ಮಾತ್ರ ಸಾಧ್ಯ. ಅತ್ತೆಯ ತುಟಿ ಅಲುಗುತ್ತಿತ್ತು.

ನೂರೆಪ್ಪತ್ತಕ್ಕೆ ಅತ್ತೆ ಎದ್ದು ನಿಂತರು. ಕಹಳೆಗಳು ಮೆಟ್ಟಿಲು ಹತ್ತಿದವು, ಪಿಟೀಲುಗಳು ಹಿಂದೆಯೇ ಓಡಿದವು. ಸೊಸೆ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅತ್ತೆಯನ್ನೇ ನೋಡಿದಳು. ಅರವತ್ತು ಜನರ ಉಸಿರು ಈಗ ಎರಡು ತಟ್ಟೆಗಳ ನಡುವಿನ ಒಂದು ಗೇಣಿನಲ್ಲಿತ್ತು.

ಢಣ್!

ಒಂದು ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ. ಅತ್ತೆ ತಟ್ಟೆಗಳನ್ನು ಜನರತ್ತ ತೆರೆದು ಎತ್ತಿ ಹಿಡಿದರು. ಸದ್ದು ಚಾವಣಿಗೆ ಹೋಗಿ, ಕಿಟಕಿಗಳನ್ನು ಮಾತಾಡಿಸಿ, ನಿಧಾನಕ್ಕೆ ಇಳಿಯಿತು. ಆ ಭಾಗ ಮೆಲ್ಲಗೆ ಮುಗಿಯಿತು. ಮುಂದಿನ ಭಾಗಕ್ಕೆ ಮುನ್ನ ಪಾಲಿಸಬೇಕಾದ ಮೌನ. ಯಾರೂ ಕೆಮ್ಮಲೂ ಇಲ್ಲ.

ಅಷ್ಟರಲ್ಲಿ ಚಟಪಟ ಚಪ್ಪಾಳೆ! ಒಬ್ಬರದೇ! ರಿಜಿಸ್ಟ್ರಾರ್ ಮೈಮರೆತು ಎದ್ದು ನಿಂತು ಎರಡೂ ಕೈ ಬಡಿಯುತ್ತಿದ್ದರು. ಕಾಗದ ನೆಲದ ಮೇಲೆ.

ಇಡೀ ಹಾಲು ಅವರತ್ತ ತಿರುಗಿತು. ಕೊನೆಯ ಸಾಲಿನಿಂದ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು:

"ತಾಳಿ ಸ್ವಾಮಿ, ಇನ್ನೂ ಎರಡು ಭಾಗ ಇದೆ."

ನಗು ಹಾಲಿನ ತುಂಬ ಉರುಳಿತು. ರಿಜಿಸ್ಟ್ರಾರ್ ಕೂತು, ಕಾಗದ ಹೆಕ್ಕಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದರು. ತಪ್ಪು ಜಾಗದಲ್ಲಿ ಕೈ ತಟ್ಟಿದವರು ತಾಳದವರ ಮೇಲೆ ಇನ್ನೇನು ಬರೆದಾರು? ಸೊಸೆ ಕೊನೆಯ ಸಾಲಿಗೆ ತಲೆಬಾಗಿ ಆಮೇಲೆ ಕೋಲೆತ್ತಿದಳು.

ಕಚೇರಿಗೆ ಬಂದಿದ್ದ ಪಕ್ಕದ ಮನೆಯಾಕೆ ಅತ್ತೆಯ ಮಗನ ಕಿವಿಯಲ್ಲಿ ಕೇಳಿದರು: "ಅಲ್ಲಪ್ಪಾ, ಕಂಡಕ್ಟರು ಯಾರು? ಮುಂದಿರೋರೋ, ಹಿಂದಿರೋರೋ?"

ಮದ್ದಳೆ ಅಂದು ಮೊದಲ ಸಲ ಎರಡೂ ಕಡೆಯ ಪರವಾಗಿ ನುಡಿಯಿತು:

"ಮುಂದಿನ ಬಾಗಿಲಿಗೆ ನನ್ನ ಹೆಂಡ್ತಿ, ಹಿಂದಿನ ಬಾಗಿಲಿಗೆ ನಮ್ಮಮ್ಮ. ಬಸ್ಸು ನಮ್ಮನೇದೇ ಅಂದ್ಕೊಳ್ಳಿ."