ಮುಖಪುಟದ ಎಡಗಣ್ಣು

ಕಣ್ಣು, ಅಲ್ಲೂ ಕಣ್ಣು, ಔಷಧದಂಗಡಿಯ ಪಕ್ಕದ ಗೂಡಂಗಡಿಯಲ್ಲಿ ತಂತಿಗೆ ಕ್ಲಿಪ್ಪು ಸಿಕ್ಕಿಸಿ ನೇತುಹಾಕಿದ್ದಾರೆ, ಒಂದಲ್ಲ ಎರಡಲ್ಲ, ಸಾಲಾಗಿ ಐದು ಪ್ರತಿ, ಐದು ಜೊತೆ ಕಣ್ಣು, ಬಸ್ಸು ಮುಂದೆ ಸರಿದರೂ ನೋಟ ಬಿಡಲಿಲ್ಲ, ಎಲ್ಲಿಗೆ ಹೊರಟೆ ಅಕ್ಕಾ ಅನ್ನುವ ಹಾಗೆ ಹಿಂದೆಯೇ ಬಂತು — ಬರುತ್ತದೆ, ಬರಲೇಬೇಕು, ಕ್ಯಾಮೆರಾದ ಕಣ್ಣಿಗೇ ಕಣ್ಣಿಟ್ಟು ತೆಗೆಸಿಕೊಂಡ ಮುಖ, ನೋಡುವವನು ಎತ್ತ ಸರಿದರೂ ಅತ್ತಲೇ ತಿರುಗುತ್ತದೆ, ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಈ ಪಾಠ ಹೇಳಿಕೊಟ್ಟವಳು ತಾನೇ ಅಲ್ಲವೇ, ಇಪ್ಪತ್ತೆರಡು ವರ್ಷ ಒಂದೇ ಮಾಸಪತ್ರಿಕೆಗೆ ಮುಖಪುಟ ಮಾಡಿದವಳು, ಈಗ ತಾನು ಮಾಡಿದ ಮುಖಪುಟಕ್ಕೇ ಹೆದರಿ ಸೀಟಿನಲ್ಲಿ ಮುದುರಿ ಕೂತಿದ್ದಾಳೆ, ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ಆ ಕಣ್ಣು ಚೂಟಿಯದು, ಒಡಹುಟ್ಟಿದ ತಂಗಿಯದು, ಎಂಟು ತಿಂಗಳಿಂದ ಈ ಅಕ್ಕನ ಮನೆಯ ಒಳಕೋಣೆಯಲ್ಲಿ ಪರದೆ ಎಳೆದುಕೊಂಡು, ಒಗೆದ ಬಟ್ಟೆ ಹರವಲು ಕೂಡ ಹೊರಗೆ ಬಾರದೆ, ಯಾರಾದರೂ ಬಾಗಿಲು ತಟ್ಟಿದರೆ ಉಸಿರು ಬಿಗಿಹಿಡಿದು ಕೂರುವ ಚೂಟಿ — ಗಂಡನ ಮನೆಯಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದವಳು, ಆ ಗಂಡನ ಕಣ್ಣಿಗೆ ಬಿದ್ದರೆ ಮುಗಿಯಿತು ಅಂತ ಕೂದಲು ಕತ್ತರಿಸಿಕೊಂಡವಳು, ಇವತ್ತು ಬೆಳಗಿನಿಂದ ಊರಿನ ಮೂಲೆ ಮೂಲೆಯಲ್ಲೂ ಮುಖ ತೆರೆದು ನಿಂತಿದ್ದಾಳೆ, ನಿಲ್ಲಿಸಿದವಳು ಅಕ್ಕ. ಈ ಡ್ರೈವರಿಗೆ ಏನಾಗಿದೆ, ಹಸಿರು ದೀಪ ಬಿದ್ದು ಎಷ್ಟು ಹೊತ್ತಾಯಿತು, ಹೋಗಪ್ಪ, ಹೋಗು, ಮನೆ ಇನ್ನೂ ನಾಲ್ಕು ಸ್ಟಾಪು ದೂರ ಇದೆ.

ಡಮ್ಮಿ ಅದು, ಬರೀ ಡಮ್ಮಿ, ನಿಜವಾದ ಚಿತ್ರ ಬರುವ ತನಕ ಪುಟದಲ್ಲಿ ಜಾಗ ಹಿಡಿಯಲು ಕೂರಿಸಿದ್ದು, ಸೀಟಿಗೆ ಕರವಸ್ತ್ರ ಹಾಕಿದ ಹಾಗೆ, ಪ್ರತಿ ತಿಂಗಳೂ ಮಾಡುವುದೇ, ಒಮ್ಮೆ ಮಂತ್ರಿಯ ತಲೆಯ ಜಾಗಕ್ಕೆ ಕುಂಬಳಕಾಯಿ ಇಟ್ಟಿದ್ದಳು, ಇದೇ ಇರ್ಲಿ ಬಿಡ್ರೀ ಓದುಗರಿಗೆ ವ್ಯತ್ಯಾಸ ಗೊತ್ತಾಗಲ್ಲ ಅಂದಿದ್ದರು ಸಂಪಾದಕರು, ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತ್ತು. ಈ ತಿಂಗಳ ಮುಖ್ಯ ಲೇಖನ ನಿದ್ದೆ ಬಾರದವರದು, ತೆರೆದ ಕಣ್ಣಿನ ಒಂದು ಮುಖ ಬೇಕಿತ್ತು, ಫೋಟೋಗ್ರಾಫರ್ ಯಾರೋ ರೂಪದರ್ಶಿಯನ್ನು ಗೊತ್ತುಮಾಡಿದ್ದ, ಬೆಳಕು ಎಲ್ಲಿಂದ ಬೀಳಬೇಕು ಅಂತ ಅವನಿಗೆ ತೋರಿಸಲು ಭಾನುವಾರ ಮಧ್ಯಾಹ್ನ ಚೂಟಿಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಒಂದು ಕೈಯಲ್ಲಿ ಟೇಬಲ್ ಲ್ಯಾಂಪ್ ಹಿಡಿದು ನಾಲ್ಕು ಫೋಟೋ ತೆಗೆದಳು, ಅಷ್ಟೇ, ನನ್ ಮೂತೀನ ಯಾರ್ ನೋಡ್ತಾರಕ್ಕ, ಯಾರೂ ನೋಡಲ್ಲ ಸುಮ್ನೆ ಕೂತ್ಕೊಳೇ, ಅದೇ ಹೊತ್ತಿಗೆ ಹೊರಗೆ ಗೇಟು ಕಿರ್ ಅಂತು, ಚೂಟಿಯ ಕಣ್ಣು ಅರಳಿ ನಿಂತಿತು, ಕ್ಲಿಕ್. ಪೇಪರಿನವನು ತಿಂಗಳ ದುಡ್ಡಿಗೆ ಬಂದಿದ್ದ, ಇಬ್ಬರೂ ಆಮೇಲೆ ನಕ್ಕಿದ್ದರು. ಆದರೆ ಸೋಮವಾರ ನಾಲ್ಕು ನಮೂನೆ ಗೋಡೆಗೆ ಅಂಟಿಸಿದಾಗ ಸಂಪಾದಕರು ಹಿಂದೆ ಹಿಂದೆ ಹೋಗಿ, ರೂಢಿಯಂತೆ ಕಣ್ಣು ಅರ್ಧ ಮುಚ್ಚಿ ನೋಡಿ — ಅರೆಗಣ್ಣಿಗೂ ಯಾವುದು ಎದ್ದು ಕಾಣುತ್ತದೋ ಅದೇ ಅಂಗಡಿಯಲ್ಲಿ ಕೈಗೆ ಬರುವುದು — ಯಾರ್ರೀ ಇದು, ರೂಪದರ್ಶಿನ ವಾಪಸ್ ಕಳ್ಸಿ, ಇದು ನಟನೆ ಅಲ್ಲ, ನಿಜವಾದ ಭಯ, ಭಯದ ಮುಖ ಕಂಡ್ರೆ ಯಾರೂ ದಾಟ್ಕೊಂಡು ಹೋಗಲ್ಲ, ಇಪ್ಪತ್ತು ವರ್ಷದಲ್ಲಿ ನೀವು ಇಂಥದ್ದು ಮಾಡಿಲ್ಲ ಅಂದರು. ಸರ್ ಅದು ಡಮ್ಮಿ, ಮಾತು ನಾಲಿಗೆಯ ತುದಿಗೆ ಬಂದಿತ್ತು, ಬಂದೇ ಇತ್ತು, ಯಾಕೆ ನುಂಗಿದೆ, ಹೊಗಳಿಕೆ ಕೇಳಿ ಎಷ್ಟು ಕಾಲವಾಗಿತ್ತು, ಹಿಂದಿನ ಆರು ಸಂಚಿಕೆ ಕಟ್ಟು ಬಿಚ್ಚದೆ ವಾಪಸ್ಸು ಬಂದಿದ್ದವು, ಮೇಡಂ ಕೈ ಸೋತಿದೆ ಅಂತ ಬೆನ್ನ ಹಿಂದೆ ಗುಸುಗುಸು ಇತ್ತು. ಮನೆಯವರದೇ ಫೋಟೋ, ಒಪ್ಪಿಗೆ ಇದೆ ಸರ್, ಅಂದುಬಿಟ್ಟಳು. ಚಿತ್ರದಲ್ಲಿ ಎಡಕ್ಕೆ ಬಂದ ಹುಬ್ಬಿನ ಮೇಲಿನ ಗಾಯದ ಗುರುತನ್ನು ಅಳಿಸಲೇ ಅಂತ ಕೇಳಿದ ಬಣ್ಣ ತಿದ್ದುವವನು, ಬೇಡ ಅಂದವಳೂ ತಾನೇ, ಅಂಗಡಿಯವರು ಒಂದರ ಮೇಲೊಂದು ಪತ್ರಿಕೆ ಜೋಡಿಸುತ್ತಾರೆ, ಹೊರಗೆ ಕಾಣುವುದು ಎಡಗಡೆಯ ನಾಲ್ಕು ಬೆರಳಗಲ ಮಾತ್ರ, ಇರುವ ಜೀವವನ್ನೆಲ್ಲ ಆ ನಾಲ್ಕು ಬೆರಳಲ್ಲಿ ಇಡಬೇಕು — ಅದಕ್ಕೇ ಎಡಗಣ್ಣು, ಅದಕ್ಕೇ ಹುಬ್ಬು, ಅದಕ್ಕೇ ಗಾಯ. ಎಂಥ ಜಾಣೆ! ಕಳ್ಳನಿಗೆ ಮನೆಯ ಗುರುತು ಹೇಳಲು ಇದಕ್ಕಿಂತ ಚೆನ್ನಾಗಿ ಯಾರಿಗೂ ಆಗುತ್ತಿರಲಿಲ್ಲ.

ಅವನೇನು ಪತ್ರಿಕೆ ಓದುತ್ತಾನೆಯೇ, ಅಂತ ತನಗೆ ತಾನೇ ಹೇಳಿಕೊಂಡಿದ್ದಳು, ಅಚ್ಚಿಗೆ ಹೋದ ದಿನ, ಮಾರನೆಯ ದಿನ, ಪ್ರತಿ ದಿನ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅವನು ಕನ್ನಡಕದಂಗಡಿಯವನು. ಊರಿನ ಆ ತುದಿಯಲ್ಲಿ ಅಂಗಡಿ, ಬಿಳಿ ಗೋಡೆ, ಎತ್ತರದ ಕುರ್ಚಿ, ಯಾವಾಗಲೂ ತುಂಬುತೋಳಿನ ಅಂಗಿ, ಚಿನ್ನದ ಅಂಚಿನ ಕನ್ನಡಕ, ಇಡೀ ದಿನ ಬೇರೆಯವರ ಕಣ್ಣಿನೊಳಗೆ ಪುಟ್ಟ ಟಾರ್ಚು ಬಿಟ್ಟು ನೋಡುವ ಕೆಲಸ, ಮಾತೋ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಕೂಗಿದವನಲ್ಲ ಒಂದು ದಿನವೂ, ಅಂಗಡಿಗೆ ಹೊರಡುವಾಗ ಮಾತ್ರ ಹೆಂಡತಿಯನ್ನು ಒಳಗಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದ, ನಿನ್ ಒಳ್ಳೇದಕ್ಕೇ ಅಲ್ವಾ, ಬೀಗದ ಕೈ ಕೇಳಿದ ದಿನ ಬಾಗಿಲನ್ನು ಅವಳ ಮುಖಕ್ಕೇ ಬಡಿದ, ಹುಬ್ಬು ಹರಿಯಿತು, ಹೊಲಿಗೆ ಹಾಕಿಸಿದವನೂ ಅವನೇ, ಇನ್ನೊಂದ್ಸಲ ಹೊಸ್ತಿಲು ದಾಟಿದ್ರೆ ನಡೆಯೋಕೆ ಕಾಲಿರಲ್ಲ ನೋಡು, ನಗುತ್ತಾ ಹೇಳಿದನಂತೆ, ಔಷಧಿ ಹಚ್ಚುತ್ತಾ. ಚೂಟಿ ಓಡಿಬಂದ ಮೂರನೆಯ ದಿನವೇ ಅಕ್ಕನ ಕಚೇರಿಗೆ ಬಂದಿದ್ದ, ಎದುರಿಗೆ ಕೂತು ನೀರು ಕುಡಿದು, ಎಲ್ಲಿದಾಳೆ ಅಂತ ಕೇಳಲ್ಲ ಅಕ್ಕ, ನಾನು ಹುಡುಕ್ತಾ ಇಲ್ಲ, ಕಾಯ್ತಾ ಇದೀನಿ ಅಷ್ಟೇ, ಸಾವಿರ ಜೊತೆ ಕಣ್ಣಲ್ಲಿ ಅವಳ ಕಣ್ಣು ಗುರುತು ಹಿಡೀತೀನಿ, ನನ್ ಕಸುಬೇ ಅದಲ್ವಾ. ನಮ್ಮಿಬ್ಬರಿಗೆ ಮಾತು ಬಿಟ್ಟು ಮೂರು ವರ್ಷ ಆಯ್ತು ಅಂದಿದ್ದಳು ಅವಳು, ಚೂಟಿ ಓಡಿಬರುವ ತನಕ ಅದು ನಿಜವೂ ಆಗಿತ್ತು, ಇಂಥವನನ್ನು ಕಟ್ಟಿಕೊಳ್ಳಬೇಡವೇ ಅಂದದ್ದಕ್ಕೆ ಚೂಟಿ ಮುನಿಸಿಕೊಂಡು ಹೋಗಿದ್ದಳು, ಅವನು ನಂಬಿದ, ನಂಬಿ ಎದ್ದು ಹೋದ. ಇನ್ನು ನಂಬುತ್ತಾನೆಯೇ — ಕತ್ತರಿಸಿದ ಕೂದಲಿನ ಫೋಟೋ, ಅಂದರೆ ಓಡಿಹೋದ ಮೇಲೆ ತೆಗೆದದ್ದು, ಯಾರ ಪತ್ರಿಕೆ, ಹೆಂಡತಿಯ ಅಕ್ಕನ ಪತ್ರಿಕೆ, ಎರಡೂ ಎರಡೂ ಕೂಡಿದರೆ ನಾಲ್ಕು, ಎಳೆಮಗುವಿಗೂ ಗೊತ್ತಾಗುತ್ತದೆ. ಪತ್ರಿಕೆ ಓದದವನು! ನಮ್ ಪತ್ರಿಕೆ ಜಾಸ್ತಿ ದಿನ ಬದುಕೋದೇ ಕಾಯೋ ಬೆಂಚಿನ ಮೇಲೆ ಕಣ್ರೀ ಅಂತ ಪ್ರಸಾರ ವಿಭಾಗದವನು ವರ್ಷ ವರ್ಷ ಪಟ್ಟಿ ಹಿಡಿದು ಓದುತ್ತಾನೆ, ಹಲ್ಲಿನ ಡಾಕ್ಟರು, ಕ್ಷೌರದಂಗಡಿ, ಕನ್ನಡಕದಂಗಡಿ, ಆಕಳಿಸುತ್ತಾ ಕೇಳಿಸಿಕೊಂಡಿದ್ದಾಳೆ ಅವಳು, ಕೇಳಿಸಿಕೊಂಡೂ ಹೊಳೆಯಲಿಲ್ಲ, ಮೂರು ಗಂಟೆಯವರೆಗೆ ಹೊಳೆಯಲಿಲ್ಲ. ಮೂರು ಗಂಟೆಗೆ ಮುಂಬಾಗಿಲ ಫೋನಿನಮ್ಮ ಹಲ್ಲು ಬಿಟ್ಟುಕೊಂಡು ಬಂದು, ಬೆಳಗ್ಗೆಯಿಂದ ಬರೀ ನಿಮ್ ಮುಖಪುಟದ್ದೇ ಫೋನು ಮೇಡಂ, ಒಬ್ರಂತೂ ಎಷ್ಟು ಮರ್ಯಾದಸ್ಥರು ಅಂತೀರಿ, ನಮ್ ಕನ್ನಡಕದಂಗಡಿಗೆ ತಪ್ಪದೆ ತರಿಸ್ತೀವಿ, ಮಾಡಿದೋರನ್ನ ಮನೇಲೇ ಕಂಡು ಅಭಿನಂದನೆ ಹೇಳ್ಬೇಕು ಅಂದ್ರು, ಮನೆ ನಂಬರ್ ನೆನಪಿರ್ಲಿಲ್ಲ, ನಿಮ್ ಬೀದಿ ಹೆಸರು ಹೇಳ್ದೆ, ತಪ್ಪಾಯ್ತಾ? ಯಾವಾಗ, ಯಾವಾಗ ಹೇಳಿದಿರಿ? ಹನ್ನೊಂದೋ ಹನ್ನೊಂದೂವರೆಯೋ ಇರ್ಬೇಕು. ಅವಳ ಕೈಯ ಪೆನ್ಸಿಲು ಕೆಳಗೆ ಬಿತ್ತು, ಚೀಲ ಎತ್ತಿಕೊಂಡದ್ದು ನೆನಪಿದೆ, ಮೆಟ್ಟಿಲು ಇಳಿದದ್ದು ನೆನಪಿಲ್ಲ.

ಎರಡು ರಿಂಗು, ಕಟ್ಟು, ಮತ್ತೆ ಮಾಡು, ಇದು ಅಕ್ಕತಂಗಿಯರ ಗುರುತು, ಈ ಗುರುತಿಲ್ಲದ ಫೋನನ್ನು ಚೂಟಿ ಎತ್ತುವುದಿಲ್ಲ, ಈಗ ಗುರುತು ಕೊಟ್ಟರೂ ಎತ್ತುತ್ತಿಲ್ಲ, ಬಸ್ಸಿನಲ್ಲಿ ಏಳು ಸಲ ಮಾಡಿದಳು, ಏಳು ಸಲವೂ ಖಾಲಿ ಮನೆಯಲ್ಲಿ ಬಡಿದುಕೊಳ್ಳುವ ರಿಂಗು — ಸ್ನಾನಕ್ಕೆ ಹೋಗಿರಬೇಕು, ಇಷ್ಟು ಹೊತ್ತೇ, ಮಲಗಿರಬೇಕು, ಮಲಗಿದ್ದರೆ ಎದ್ದೇಳೇ ಮಾರಾಯ್ತಿ, ಎದ್ದು ಒಂದು ಸಲ ಹಲೋ ಅನ್ನು, ಆಮೇಲೆ ಬೇಕಾದರೆ ನಾಳೆಯ ತನಕ ಮಲಗು. ಹೇಳದೆ ಹೋದದ್ದೇ ತಪ್ಪು, ನಿನ್ನ ಫೋಟೋ ಹಾಕಿದ್ದೇನೆ ಅಂತ ಇಪ್ಪತ್ತು ದಿನ ಎದುರುಬದುರು ಕೂತು ಉಂಡರೂ ಹೇಳಲಿಲ್ಲ, ಇವತ್ತು ಹೇಳುತ್ತೇನೆ ನಾಳೆ ಹೇಳುತ್ತೇನೆ, ಹೇಳಿದರೆ ಅವಳು ಅಳುತ್ತಾಳೆ, ಅಳಲಿ ಬಿಡು, ಅತ್ತಿದ್ದರೆ ಜೀವ ಉಳಿಯುತ್ತಿತ್ತು, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇಳಿದಳು, ಓಡಿದಳು, ಗೇಟು ತೆರೆದೇ ಇದೆ, ಬಾಗಿಲಿಗೆ ಹೊರಗಿನಿಂದ ಚಿಲಕ, ಚೂಟೀ, ಒಳಕೋಣೆ ಖಾಲಿ, ಪರದೆ ಒಂದು ಪಕ್ಕಕ್ಕೆ ಸರಿದಿದೆ, ಎಂಟು ತಿಂಗಳಲ್ಲಿ ಮೊದಲ ಸಲ ಆ ಕೋಣೆಯೊಳಗೆ ಬಿಸಿಲು, ಹಾಸಿಗೆಯ ಮೇಲೆ ಫೋನು ಬಿದ್ದುಕೊಂಡಿದೆ, ಏಳು ಕರೆ ಅಂತ ತೋರಿಸುತ್ತಿದೆ. ಬಂದ್ಯೇನೇ, ಮೆಟ್ಟಿಲ ಮೇಲಿಂದ ಮೇಲ್ಮನೆ ಅಜ್ಜಿ, ಈ ಮನೆಯಲ್ಲಿ ಒಬ್ಬಳಲ್ಲ ಇಬ್ಬರಿದ್ದಾರೆ ಅಂತ ತಿಳಿದ ಒಬ್ಬಳೇ ಅಜ್ಜಿ, ಕೈಯಲ್ಲಿ ಅದೇ ಸಂಚಿಕೆ, ಮೂಲೆ ಅಂಗಡೀಲಿ ನೋಡ್ದೆ, ನಮ್ ಹುಡುಗಿ ಥರಾನೇ ಇದಾಳಲ್ಲಾ ಅಂತ ತಂದ್ಕೊಟ್ಟೆ, ಅಯ್ಯೋ ಅಜ್ಜಿ ಇದು ನಾನೇ ಅಂತ ಕುಣಿದಾಡಿಬಿಟ್ಳು ಕಣೇ, ಎಷ್ಟು ದಿನ ಆಗಿತ್ತು ಆ ಕೂಸು ನಕ್ಕು, ಸಾಲಾಗಿ ಇಟ್ಟಿದಾರಂತಲ್ಲ, ಒಂದೇ ಒಂದ್ಸಲ ನೋಡ್ಕೊಂಡು ಬರ್ತೀನಿ ಅಂದ್ಳು, ಹೋಗ್ ಬಾ ಯಾರ್ ಹಿಡ್ಕೋತಾರೆ ಅಂತ ನನ್ ಕಂದು ಶಾಲು ತಲೆ ತುಂಬ ಹೊದ್ಸಿ ಕಳ್ಸಿದೀನಿ, ಯಾಕೇ, ಯಾಕ್ ಹಂಗ್ ನೋಡ್ತೀಯ? ಅತ್ತಿಲ್ಲ, ಬೈದಿಲ್ಲ, ಕುಣಿದಳಂತೆ ಚೂಟಿ. ಕಿಟಕಿಯಾಚೆ ಇಣುಕಲೂ ಹೆದರುತ್ತಿದ್ದವಳನ್ನು ಆ ಮುಖಪುಟ ಹೊಸ್ತಿಲು ದಾಟಿಸಿ ಕರೆದುಕೊಂಡು ಹೋಗಿದೆ. ಎಷ್ಟು ಹೊತ್ತಾಯ್ತಜ್ಜಿ? ಅದನ್ನೇ ನೋಡ್ತಾ ಇಷ್ಟೊತ್ತೂ ಮೇಲೆ ನನ್ ಹತ್ರಾನೇ ಕೂತಿದ್ಳು, ಹೋಗಿದ್ದು ಇದೀಗ ತಾನೇ, ಐದು ನಿಮಿಷ ಆಗಿರ್ಬೋದು.

ಬೀದಿಯ ಇನ್ನೊಂದು ತುದಿಯ ಮೂಲೆಯಂಗಡಿ, ರಸ್ತೆಯ ಆಚೆ ಬದಿ, ಮಧ್ಯೆ ವಾಹನ, ವಾಹನ, ಕಾರು ಸರಿದರೆ ಲಾರಿ, ಲಾರಿ ಸರಿಯಿತು, ಅಗೋ ಕಂದು ಶಾಲು, ಇದ್ದಾಳೆ, ಜೀವಂತ ಇದ್ದಾಳೆ, ಅಂಗಡಿಯ ಎಡಬದಿಗೆ, ರಸ್ತೆಗೆ ಬೆನ್ನು ಹಾಕಿ, ಬಗ್ಗಿ ಕೆಳಗಿನ ಸಾಲನ್ನು ನೋಡುತ್ತಿದ್ದಾಳೆ, ತನ್ನನ್ನೇ ತಾನು ನೋಡುತ್ತಾ ಮೈಮರೆತಿದ್ದಾಳೆ, ಸದ್ಯ, ಕರೆದುಕೊಂಡು ಬಂದರಾಯಿತು, ಇವತ್ತೇ ಮನೆ ಬಿಡೋಣ, ಗೆಳತಿಯ ಊರಿಗೆ ಹೋಗೋಣ, ಠಾಣೆಗೆ ಹೋಗೋಣ, ಅವನಿಗೆ ಮರ್ಯಾದೆ ಹೋದ್ರೆ ಕೊಂದೇಬಿಡ್ತಾನೆ ಅಕ್ಕ ಅಂದಿದ್ದಳು ಅವತ್ತು, ಈ ಸಲ ಕೇಳುವುದಿಲ್ಲ, ಎಳೆದುಕೊಂಡಾದರೂ ಹೋಗುತ್ತೇನೆ, ಚೂ — ಬಾಯಿ ತೆರೆದಳು, ಬಾಯಿ ಹಾಗೇ ನಿಂತಿತು. ಅಂಗಡಿಯ ಬಲಬದಿಗೆ ಒಬ್ಬ ಗಂಡಸು. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದಿದ್ದಾನೆ, ಮುಖ ಇರಬೇಕಾದ ಕಡೆ ಮುಖಪುಟ, ಗಂಡಸಿನ ಹೆಗಲ ಮೇಲೆ ಚೂಟಿಯ ಕಣ್ಣು. ಯಾರೋ ಇರಬಹುದು, ಊರಿನಲ್ಲಿ ತುಂಬುತೋಳು ಹಾಕುವವನು ಅವನೊಬ್ಬನೇ ಏನು, ಯಾರೋ ಓದುಗ, ನಿದ್ದೆ ಬಾರದವನು ಪಾಪ — ಪತ್ರಿಕೆ ನಿಧಾನವಾಗಿ ಕೆಳಗಿಳಿಯಿತು, ಮೊದಲು ಬಾಚಿದ ಕೂದಲು, ಆಮೇಲೆ ಹಣೆ, ಆಮೇಲೆ ಚಿನ್ನದ ಅಂಚಿನ ಕನ್ನಡಕ. ಅವನೇ. ಪಕ್ಕದ ಕಂದು ಶಾಲನ್ನು ನೋಡುತ್ತಿಲ್ಲ, ಒಂದು ಮಾರು ದೂರದಲ್ಲಿ ಬಗ್ಗಿ ನಿಂತಿರುವುದು ಯಾವುದೋ ಮುದುಕಿ ಅವನಿಗೆ, ಅವನು ನೋಡುತ್ತಿರುವುದು ರಸ್ತೆಯನ್ನು, ಮನೆ ಯಾವುದು ಅಂತ ಗೊತ್ತಿಲ್ಲ, ಬೀದಿ ಗೊತ್ತು, ಅಕ್ಕ ಬರುತ್ತಾಳೆ, ಅವಳ ಹಿಂದೆ ಹೋದರಾಯಿತು, ಕಾಯ್ತಾ ಇದೀನಿ ಅಷ್ಟೇ. ಅವಳನ್ನು ಕಂಡ. ನಕ್ಕ. ಓಡಬೇಕು, ಓಡಿದರೆ ಯಾವ ಕಡೆಗೆ, ಕೂಗಬೇಕು, ಕೂಗಿದರೆ ಚೂಟಿ ತಿರುಗುತ್ತಾಳೆ, ತಿರುಗಿದರೆ ಹುಬ್ಬು ಕಾಣುತ್ತದೆ, ಕೂಗದಿದ್ದರೂ ಈಗಲೋ ಇನ್ನೊಂದು ಗಳಿಗೆಗೋ ತಿರುಗುತ್ತಾಳೆ, ದೇವರೇ, ತಿರುಗಬೇಡವೇ ಚೂಟಿ, ಇನ್ನೊಂದಿಷ್ಟು ನೋಡು, ಎಷ್ಟು ಚಂದ ಮಾಡಿದ್ದೇನೆ ನಿನ್ನನ್ನು, ನೋಡುತ್ತಲೇ ಇರು — ಮತ್ತೆ ತಾನು, ತಾನು ಎತ್ತ ನೋಡಬೇಕು, ಮುಖಪುಟದ ಮುಖ ಪಕ್ಕಕ್ಕೆ ನೋಡಿದರೆ ಓದುಗನೂ ಪಕ್ಕಕ್ಕೇ ನೋಡುತ್ತಾನೆ, ತಪ್ಪಿದ್ದೇ ಇಲ್ಲ, ಅದಕ್ಕೇ ತಲೆಬರಹವನ್ನು ಆ ಕಡೆ ಇಡುವುದು, ತನ್ನ ಕಣ್ಣು ಒಂದು ಕೂದಲೆಳೆಯಷ್ಟು ಚೂಟಿಯ ಕಡೆ ಸರಿದರೂ ಅವನ ಕಣ್ಣು ಹಿಂದೆಯೇ ಸರಿಯುತ್ತದೆ, ಸರಿಯಬಾರದು, ಕಂದು ಶಾಲು ಅಲುಗಿತು, ಅಲುಗಿದ್ದನ್ನು ನೋಡಬಾರದು, ಶಾಲು ನೆಟ್ಟಗಾಗುತ್ತಿದೆ, ನೋಡಬಾರದು, ನೇರ, ರಸ್ತೆಯ ಆಚೆಗೆ ನೇರ, ರೆಪ್ಪೆ ಬಡಿಯದೆ, ನಗುತ್ತಿರುವ ಆ ಕನ್ನಡಕಕ್ಕೆ ನೇರವಾಗಿ ಕಣ್ಣು, ಅವನ ಕೈಯಲ್ಲಿ ಅರ್ಧ ಇಳಿದ ಕಣ್ಣು, ಗಾಯದ ಹುಬ್ಬಿನ ಕೆಳಗೆ ಅರಳಿ ನಿಂತ ಆ ಕಣ್ಣು, ಕಣ್ಣು —