ಒಟ್ಟು ತೂಕ

"ಇಬ್ಬರ ತೂಕ ಹೇಳಿಬಿಡಿ," ಎಂದಳು ಟ್ರಾವೆಲ್ಸ್‌ನಾಕೆ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಮೇಜಿನ ಈಚೆ ಮೂರು ಕುರ್ಚಿಗಳಲ್ಲಿ ಮೂವರು ಕೂತಿದ್ದರು. ನಡುವೆ ಮದುವಣಗಿತ್ತಿ, ಬಲಕ್ಕೆ ಅವಳನ್ನು ಮದುವೆಯಾಗಲಿರುವವನು, ಎಡಕ್ಕೆ ಅವಳ ಅಮ್ಮ. ಹನಿಮೂನ್ ಟಿಕೆಟ್ ಮಾಡಿಸೋಕೆ ಅಮ್ಮನನ್ನು ಕರೆದುಕೊಂಡು ಹೋಗುವವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಡಿ. ಅಮ್ಮನನ್ನು ಯಾರೂ ಕರೆದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಅಷ್ಟೇ.

ಅಲ್ಲಿಯವರೆಗೆ ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಅವನಿಗೆ ಮಹಾನಗರ ನೋಡಬೇಕಿತ್ತು. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಒಂದು ಇಡೀ ಕೋಣೆ ತುಂಬ ಹಳೆಯ ಕಾಲದ ತಕ್ಕಡಿಗಳೇ ಇವೆಯಂತೆ. ಅವನ ಕಸುಬೇ ತಕ್ಕಡಿ ರಿಪೇರಿ. ಅವಳಿಗೆ ದ್ವೀಪವೇ ಆಗಬೇಕು. ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಟೀಚರ್ ಅವಳು. ಕಲಿಸಲು ಹಿಡಿದು ಹನ್ನೆರಡು ವರ್ಷವಾಯಿತು, ಅಷ್ಟೂ ವರ್ಷ ಕ್ಲೋರಿನ್ ವಾಸನೆಯ, ನೀಲಿ ಟೈಲ್ಸಿನ ನೀರು. ಸಮುದ್ರಕ್ಕೆ ಒಂದು ಸಲವೂ ಇಳಿದವಳಲ್ಲ.

"ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತಂತೆ," ಎಂದು ಅಮ್ಮ ಬಸ್ಸಿನಲ್ಲೇ ಹೇಳಿದ್ದಳು.

"ಕೋಣ ಯಾರು ಅಂತ ಕೇಳೋ ಹಾಗೇ ಇಲ್ಲ ಬಿಡು," ಎಂದಿದ್ದಳು ಮಗಳು.

ಎರಡನ್ನೂ ಸೇರಿಸಿಬಿಡೋಣ ಎಂದವಳು ಟ್ರಾವೆಲ್ಸ್‌ನಾಕೆ. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಆರಿಹೋದ ಕಾಫಿ. ಎಷ್ಟು ಜೋಡಿಗಳನ್ನು ವಿಮಾನ ಹತ್ತಿಸಿದ್ದಳೋ, ಯಾವ ದಿಕ್ಕಿನಿಂದ ಗಾಳಿ ಬೀಸುತ್ತದೆ ಎಂಬುದೂ ಅವಳಿಗೆ ಬಾಯಿಪಾಠ. "ದ್ವೀಪ ಮೊದಲು, ನಗರ ಆಮೇಲೆ ಇಟ್ಕೊಳ್ಳಿ. ಎಲ್ಲರೂ ಉಲ್ಟಾ ಕೇಳ್ತಾರೆ, ಸುತ್ತಾಡಿ ಸುಸ್ತಾದ ಮೇಲೆ ಬೀಚಲ್ಲಿ ಬಿದ್ಕೊಳ್ಳೋಣ ಅಂತ. ಆದರೆ ಗಾಳಿ ಎದ್ದರೆ ದ್ವೀಪದ ವಿಮಾನ ಹಾರೋದೇ ಇಲ್ಲ. ಅಲ್ಲೇ ಸಿಕ್ಕಾಕಿಕೊಂಡರೆ ಮನೆಗೆ ಬರೋ ವಿಮಾನನೂ ತಪ್ಪುತ್ತೆ. ನಗರ ಕೊನೆಗಿದ್ದರೆ ಅಲ್ಲಿ ಒಂದು ದಿನ ಕಡಿಮೆ ಆಗುತ್ತೆ, ಅಷ್ಟೇ."

ಮದುವೆಗೆ ಇನ್ನು ಎರಡು ವಾರವಿತ್ತು. ಕರಾವಳಿಯವರೆಗೆ ದೊಡ್ಡ ವಿಮಾನ, ಅಲ್ಲಿಂದ ದ್ವೀಪಕ್ಕೆ ಒಂಬತ್ತು ಸೀಟಿನ ಪುಟ್ಟ ವಿಮಾನ, ವಾಪಸ್ ಬಂದು ನಗರ, ಕೊನೆಗೆ ಮನೆ. ಎಲ್ಲ ಕೂಡಿಬಂದಿತ್ತು. ಆ ಪುಟ್ಟ ವಿಮಾನದವರು ಸೀಟು ಕೊಡುವ ಮೊದಲು ಪ್ರತಿಯೊಬ್ಬರ ತೂಕ ಕೇಳುತ್ತಾರೆ ಎಂಬುದೊಂದು ಮಾತ್ರ ಮೂವರಿಗೂ ಗೊತ್ತಿರಲಿಲ್ಲ.

ತೂಕ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅಮ್ಮ ತನ್ನ ಕೈಚೀಲದ ಹಿಡಿ ಬಿಗಿಯಾಗಿ ಹಿಡಿದುಕೊಂಡಳು. ಮಗಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವನು ಹೇಳಿಯೇಬಿಟ್ಟ: "ಅವರದು ಎಂಬತ್ತನಾಲ್ಕು. ನನ್ನದು ಅರವತ್ತೊಂಬತ್ತು."

ಈ ಮನುಷ್ಯ ಎಂಥವನು ಎಂದು ಮೊದಲು ಹೇಳಬೇಕು. ಮಾರ್ಕೆಟ್ಟಿನಲ್ಲಿ ತರಕಾರಿಯವನೊಬ್ಬನ ತಕ್ಕಡಿ ಹತ್ತು ಗ್ರಾಂ ತಿನ್ನುತ್ತಿದೆ ಎಂದು ಅದನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದವನು. "ಹೋಗ್ಲಿ ಬಿಡಣ್ಣ, ಹತ್ತು ಗ್ರಾಂ ಅಂದ್ರೆ ಒಂದು ಮೆಣಸಿನಕಾಯಿ," ಎಂದು ತರಕಾರಿಯವನು ಗೋಗರೆದರೆ, "ಇವತ್ತು ಮೆಣಸಿನಕಾಯಿ, ನಾಳೆ ಕುಂಬಳಕಾಯಿ," ಎಂದವನು. ಯಾವ ಸಾಮಾನನ್ನೇ ಆಗಲಿ, ಬರೀ ನೋಟಕ್ಕೆ ಅದರ ತೂಕ ಹೇಳುವವನು. ಅವನು ಈಜುಕೊಳಕ್ಕೆ ಬಂದದ್ದೂ ತಕ್ಕಡಿಗಾಗಿಯೇ. ಕ್ಲೋರಿನ್ ಡ್ರಮ್ಮು ತೂಗುವ ದೊಡ್ಡ ತಕ್ಕಡಿ ಕೆಟ್ಟಿತ್ತು. ಅವನು ಆಟೋದಿಂದ ಇಪ್ಪತ್ತು ಕೆಜಿಯ ತೂಕದ ಬಟ್ಟುಗಳನ್ನು ಒಂದೊಂದೇ ತಬ್ಬಿಕೊಂಡು ಏದುಸಿರು ಬಿಡುತ್ತಾ ತರುತ್ತಿದ್ದಾಗ, ಟೀಚರ್ ಎರಡು ಕೈಗೆ ಎರಡು ಬಟ್ಟು ಹಿಡಿದು, ನೀರಿನಲ್ಲಿದ್ದ ಮಕ್ಕಳಿಗೆ "ಕಾಲು ಬಡೀರಿ, ಕಾಲು ಬಡೀರಿ" ಎಂದು ಕೂಗುತ್ತಲೇ ತಂದಿಟ್ಟಿದ್ದಳು. ಆಮೇಲೆ ಆ ತಕ್ಕಡಿ ತಿಂಗಳಿಗೆ ಮೂರು ಸಲ ಕೆಡತೊಡಗಿತು. ಯಾಕೆ ಕೆಡುತ್ತಿತ್ತು ಎಂದು ಕೊಳದ ಕಾವಲುಗಾರನಿಗೂ ಗೊತ್ತಿತ್ತು.

ಅಂಥವನು ಈಗ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ್ದ. ಅಮ್ಮನ ಮುಖದಲ್ಲಿ, ಅಬ್ಬಾ, ಅಳಿಯ ಎಂದರೆ ಹೀಗಿರಬೇಕು ಎಂಬ ಸಮಾಧಾನ ಮೂಡಿತು.

"ತಪ್ಪು. ನನ್ನದು ನೂರ ನಾಲ್ಕು ಹಾಕಿ," ಎಂದಳು ಟೀಚರ್.

ಕೀಬೋರ್ಡಿನ ಮೇಲೆ ಬೆರಳು ನಿಂತಿತು. ಅಮ್ಮ ಮೇಜಿನ ಕೆಳಗಿಂದ ಮಗಳ ತೊಡೆ ಚಿವುಟಿದಳು. "ಇವಳಿಗೆ ತಮಾಷೆ ಜಾಸ್ತಿ ಮೇಡಂ. ಅವರು ಹೇಳಿದ್ದೇ ಇರಲಿ."

"ತಮಾಷೆ ಅಲ್ಲ. ಸೋಮವಾರ ತೂಗಿದ್ದೀನಿ. ನೂರ ನಾಲ್ಕು."

"ಪುಟ್ಟೀ," ಎಂದಳು ಅಮ್ಮ ಹಲ್ಲು ಕಚ್ಚಿ.

ಅಮ್ಮನ ಲೆಕ್ಕದಲ್ಲಿ ಪುಟ್ಟಿಯ ತೂಕ ಅರವತ್ತೆಂಟು. ಕಾಲೇಜು ಸೇರಿದ ವರ್ಷ ಹೇಳಿದ ಸಂಖ್ಯೆ ಅದು. ಆಗಲೂ ಅದು ನಿಜವಾಗಿರಲಿಲ್ಲ, ಅಂದಿನಿಂದ ಇಂದಿನವರೆಗೆ ಒಂದು ಗ್ರಾಂ ಅತ್ತಿತ್ತ ಅಲ್ಲಾಡಿಯೂ ಇರಲಿಲ್ಲ. ಮನೆಯ ಯಾವ ಫೋಟೋ ನೋಡಿದರೂ ಪುಟ್ಟಿ ಹಿಂದಿನ ಸಾಲಿನಲ್ಲಿ, ಯಾರದೋ ಭುಜದಾಚೆ ಅರ್ಧ ಮುಖ. ಅಂಗಡಿಗೆ ಹೋದರೆ ಕಪ್ಪು ಬಟ್ಟೆಯೇ. ನಂಟರು ಬಂದರೆ ಬಾಯಿಗೆ ಹಾಕುವ ತುತ್ತಿಗೂ ಅಮ್ಮನ ಕಣ್ಣಿನ ಕಾವಲು. ಯಾರಾದರೂ ಏನಾದರೂ ಅನ್ನುವ ಮೊದಲೇ "ನಮ್ಮ ಮನೆತನದ್ದು ಮೂಳೆನೇ ದಪ್ಪ" ಎಂದು ಅಮ್ಮನೇ ಶುರುಮಾಡುತ್ತಿದ್ದಳು. ನೀರಿಗೆ ಇಳಿದಾಗಲಷ್ಟೇ ಪುಟ್ಟಿಗೆ ಈ ರಗಳೆ ಇರುತ್ತಿರಲಿಲ್ಲ. ನೀರು ಯಾವತ್ತೂ ಅವಳನ್ನು ಪಕ್ಕಕ್ಕೆ ಸರಿ ಎಂದಿರಲಿಲ್ಲ.

ಟ್ರಾವೆಲ್ಸ್‌ನಾಕೆ ಗಂಟಲು ಸರಿಮಾಡಿಕೊಂಡಳು. "ನೋಡಿ, ಇಲ್ಲಿ ಏನೇ ಹೇಳಿದರೂ ಹತ್ತೋ ಮುಂಚೆ ಅಲ್ಲಿ ಅವರೇ ತೂಗ್ತಾರೆ. ಬ್ಯಾಗಿನ ಜೊತೆ ಮನುಷ್ಯರನ್ನೂ. ತಕ್ಕಡಿ ಮೇಲೆ ನಿಲ್ಲಬೇಕು, ಗೋಡೆ ಮೇಲೆ ನಂಬರ್ ಬರುತ್ತೆ."

"ಎಲ್ಲರೆದುರಿಗಾ?" ಎಂದಳು ಅಮ್ಮ.

"ಎಲ್ಲರೆದುರಿಗೇ. ಜಾಗ ಎಲ್ಲಿದೆ ಅಲ್ಲಿ, ಒಂದೇ ಕೋಣೆ."

"ಹಾಗಾದ್ರೆ ದ್ವೀಪ ಬೇಡವೇ ಬೇಡ. ಏಳು ದಿನನೂ ನಗರದಲ್ಲೇ ಇರಲಿ. ಬೇಕಾದಷ್ಟು ಅಂಗಡಿ, ಪಾರ್ಕು. ನೀರೇ ಬೇಕು ಅಂದ್ರೆ ಹೋಟೆಲಲ್ಲೇ ಈಜುಕೊಳ ಇರುತ್ತಲ್ಲಾ."

"ಈಜುಕೊಳ," ಎಂದಳು ಮಗಳು.

ತಕ್ಕಡಿಯವನು ಮೆಲ್ಲಗೆ ಕೇಳಿದ, "ದ್ವೀಪಕ್ಕೆ ದೋಣಿ ಇಲ್ವಾ ಮೇಡಂ?"

"ಇದೆ. ಹೋಗೋಕೆ ಒಂದು ಹಗಲು, ಬರೋಕೆ ಒಂದು ಹಗಲು. ನಿಮ್ಮ ದ್ವೀಪದ ದಿನಗಳೆಲ್ಲ ದೋಣೀಲೇ ಮುಗಿಯುತ್ತೆ."

"ಆದ್ರೂ ಅದೇ ಒಳ್ಳೇದೇನೋ," ಎಂದು ಅವನು ಅಂದದ್ದೇ ತಡ, ಟೀಚರ್ ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದಳು. ಇಷ್ಟು ದಿನ 'ನೀವು' ಎನ್ನುತ್ತಿದ್ದವಳಿಗೆ ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ.

"ನನ್ನ ತೂಕ ಹೇಳೋಕೆ ನಾಚಿಕೆ ಆಯ್ತಾ ನಿನಗೆ?"

"ಅಯ್ಯೋ, ಇಲ್ಲ."

"ಮತ್ತೆ?"

"ನಿಮಗೆ ಮುಜುಗರ ಆಗಬಾರದು ಅಂತ. ಅಮ್ಮನೂ ಇದ್ದಾರಲ್ಲ…"

"ನನಗೋಸ್ಕರ ಸುಳ್ಳು ಹೇಳೋರು ಮನೇಲಿ ಒಬ್ಬರಿದ್ದಾರೆ. ಇನ್ನೊಬ್ಬರು ಬೇಕಾಗಿಲ್ಲ. ತರಕಾರಿಯವನಿಗೆ ಹತ್ತು ಗ್ರಾಂ ಬಿಡದವನು ನನಗೆ ಇಪ್ಪತ್ತು ಕೆಜಿ ಬಿಟ್ಟುಕೊಡ್ತೀಯಾ? ಯಾರು ಕೇಳಿದ್ದು?" ಕೊಳದ ಈ ದಡದಿಂದ ಆ ದಡಕ್ಕೆ ಕೇಳಿಸಿ ರೂಢಿಯಾದ ದನಿ ಅವಳದು. ಹೊರಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. "ಆ ಇಪ್ಪತ್ತು ಕೆಜಿ ಬಿಟ್ಟು ಮಿಕ್ಕಿದ್ದನ್ನ ಮದುವೆ ಆಗೋ ಹಾಗಿದ್ರೆ ಈಗಲೇ ಹೇಳು. ಟಿಕೆಟ್ಟೂ ಬೇಡ, ಮದುವೇನೂ ಬೇಡ."

ಅಮ್ಮ ಕಣ್ಣು ಮುಚ್ಚಿಕೊಂಡಳು. ತಕ್ಕಡಿಯವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ತನ್ನ ಮಂಡಿ ನೋಡಿಕೊಂಡೇ ಹೇಳಿದ, "ಬಿಟ್ಟಿಲ್ಲ ಟೀಚರ್."

"ಏನು ಬಿಟ್ಟಿಲ್ಲ?"

"ಇಪ್ಪತ್ತು ಕೆಜಿ. ನಿಮ್ಮಿಂದ ತೆಗೆದು ನನಗೆ ಹಾಕ್ಕೊಂಡೆ. ನನ್ನದು ಅರವತ್ತೊಂಬತ್ತು ಎಲ್ಲಿಂದ ಬಂತು? ನಾನಿರೋದು ನಲವತ್ತೊಂಬತ್ತು. ವಿಮಾನಕ್ಕೆ ಬೇಕಾಗಿರೋದು ಒಟ್ಟು ತೂಕ ತಾನೇ? ಒಟ್ಟು ಸರಿಯಾಗೇ ಇದೆ. ನೂರ ಐವತ್ಮೂರು." ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದ, "ತಪ್ಪು ತೂಕ ಹೇಳೋಕೆ ನನಗೆ ಬಾಯಿ ಬರೋಲ್ಲ."

ಟ್ರಾವೆಲ್ಸ್‌ನಾಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮುಖಕ್ಕೆ ಕೈ ಅಡ್ಡ ಹಿಡಿದು ನಕ್ಕಳು. ನಗು ತಡೆದುಕೊಂಡು ಹೇಳಿದಳು, "ಒಟ್ಟು ಸಾಲದು ಸರ್. ಯಾರ ಭಾರ ಎಲ್ಲಿ ಕೂರುತ್ತೆ ಅನ್ನೋದರ ಮೇಲೆ ಸೀಟು ಕೊಡ್ತಾರೆ. ನಿಮ್ಮ ಲೆಕ್ಕ ನಂಬಿ ಕೂರಿಸಿದ್ರೆ ವಿಮಾನ ವಾಲುತ್ತೆ."

"ಓ," ಎಂದ ಅವನು. ಅದು ತನಗೆ ಹೊಳೆಯಲಿಲ್ಲವಲ್ಲ ಎಂದು ನಿಜವಾಗಿಯೂ ನೊಂದುಕೊಂಡ.

ಟೀಚರಿಗೆ ಮಾತ್ರ ಬೇರೇನೋ ತಲೆಯಲ್ಲಿ ಸಿಕ್ಕಿಕೊಂಡಿತ್ತು. "ನೂರ ನಾಲ್ಕು ಅಂತ ನಿನಗೆ ಹೇಗೆ ಗೊತ್ತು? ನೀನು ಎಂಬತ್ತನಾಲ್ಕು ಅನ್ನೋ ಮುಂಚೆ ನಾನಂತೂ ಹೇಳಿರಲಿಲ್ಲ."

"ನೋಡಿದರೆ ಗೊತ್ತಾಗುತ್ತಲ್ಲ."

"ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ. ಆಗ ನೂರ ಎರಡಿತ್ತು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯದಾಯಿತು. ಇವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ತಿಂಗಳಿಗೆ ಮೂರು ಸಲ ಬಂದಿದ್ದ, ಗೊತ್ತಿದ್ದೇ ಮದುವೆಯಾಗೋಣವೇ ಎಂದು ಕೇಳಿದ್ದ. ಅಷ್ಟು ಖುಷಿ ಅವಳಿಗೆ ಎಷ್ಟೋ ದಿನದಿಂದ ಆಗಿರಲಿಲ್ಲ. ಹಾಗೆಂದು ಸಿಟ್ಟು ಇಳಿದಿರಲೂ ಇಲ್ಲ.

"ನನ್ನ ಇಪ್ಪತ್ತು ಕೆಜಿ ವಾಪಸ್ ಕೊಡು," ಎಂದಳು.

ಅವನು ಟ್ರಾವೆಲ್ಸ್‌ನಾಕೆಯ ಕಡೆ ತಿರುಗಿದ. ಮಾರ್ಕೆಟ್ಟಿನಲ್ಲಿ ಅವನಿಗೆ 'ಕಡ್ಡಿ' ಎಂದೇ ಹೆಸರು, ಬೇಸಗೆಯಲ್ಲೂ ಎರಡು ಅಂಗಿ ಹಾಕಿ ಓಡಾಡುವವನು. "ನನ್ನದು ನಲವತ್ತೊಂಬತ್ತು ಅಂತ ಹಾಕಿ ಮೇಡಂ," ಎಂದ, ಸ್ವಲ್ಪ ಕಷ್ಟಪಟ್ಟು. "ಅವರದು ಅವರಿಗೇ ಹಾಕಿ."

"ಇನ್ನೊಂದು ವಿಷಯ. ಹೀಗಾದ್ರೆ ನಿಮ್ಮಿಬ್ಬರನ್ನ ಒಟ್ಟಿಗೆ ಕೂರಿಸೋದು ಡೌಟು. ಇವರು ಮುಂದೆ, ಪೈಲಟ್ ಪಕ್ಕ. ನೀವು ಬಾಲದ ಹತ್ತಿರ."

"ಹನಿಮೂನಿಗೆ ಹೋಗಿ ಗಂಡ ಬಾಲದಲ್ಲಂತೆ," ಎಂದು ಅಮ್ಮ ಗೊಣಗಿದಳು. "ಜನ ನಗ್ತಾರೆ ಕಣೇ."

"ನಗಲಿ ಬಿಡು. ನಗೋದಕ್ಕೇನು ಟ್ಯಾಕ್ಸ್ ಕಟ್ಟಬೇಕಾ?" ಎಂದಳು ಮಗಳು. ಟ್ರಾವೆಲ್ಸ್‌ನಾಕೆಗೆ ಕಡ್ಡಿ ಮುರಿದ ಹಾಗೆ ಹೇಳಿದಳು, "ವಿಮಾನನೇ ಬುಕ್ ಮಾಡಿ. ಆನೆ ನಡೆದದ್ದೇ ದಾರಿ."

ಬಸ್ ಸ್ಟಾಪಿನಲ್ಲಿ ತಕ್ಕಡಿಯವನು ನೀರಿನ ಬಾಟಲಿ ತರಲು ಹೋದಾಗ ಅಮ್ಮ ಬಾಯಿಬಿಟ್ಟಳು. "ಯಾರೂ ನಿನಗೆ ನೋವು ಮಾಡಬಾರದು ಅಂತ ತಾನೇ ನಾನು ಅಷ್ಟೆಲ್ಲ ಮಾಡಿದ್ದು."

"ಗೊತ್ತಮ್ಮ. ಆದರೆ ಬೇರೆಯವರು ಮಾಡೋ ಮುಂಚೆ ನೀನೇ ಮಾಡಿಬಿಡ್ತಿದ್ದೆ."

ಅಷ್ಟರಲ್ಲಿ ಬಸ್ಸು ಬಂತು, ತಕ್ಕಡಿಯವನು ಬಾಟಲಿ ಹಿಡಿದು ಓಡಿಬಂದು ಹತ್ತಿಕೊಂಡ. ಒಬ್ಬರೇ ಕೂರುವ ಸೀಟು ಖಾಲಿಯಿದ್ದರೂ ಅಮ್ಮ ಬಂದು ಮಗಳ ಪಕ್ಕದಲ್ಲೇ ಒತ್ತಿಕೊಂಡು ಕೂತಳು.

ಮದುವೆಯಾಗಿ ನಾಲ್ಕನೇ ದಿನ ಅವರಿಬ್ಬರೂ ಆ ಒಂದೇ ಕೋಣೆಯ ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಿದ್ದರು. ಟ್ರಾವೆಲ್ಸ್‌ನಾಕೆ ಹೇಳಿದ್ದು ಅಕ್ಷರಶಃ ನಿಜ. ನೆಲದ ಮೇಲೆ ತಕ್ಕಡಿ, ಎದುರು ಗೋಡೆಯಲ್ಲಿ ಗೇಣುದ್ದದ ಕೆಂಪು ಅಂಕಿಗಳು, ಬೆಂಚುಗಳ ಮೇಲೆ ಆಗಲೇ ತೂಗಿಸಿಕೊಂಡವರು. ಮುಂದಿದ್ದ ಯಜಮಾನರೊಬ್ಬರು ಶೂ ಬಿಚ್ಚಿದರು, ಬೆಲ್ಟ್ ಬಿಚ್ಚಿದರು, ಜೇಬಿನಿಂದ ಬೀಗದ ಕೈ ತೆಗೆದು ಹೆಂಡತಿಗೆ ಕೊಟ್ಟರು. ಆ ಹೆಂಡತಿ ತನ್ನ ಸರದಿ ಬಂದಾಗ ಕೋಟು, ಬಳೆ, ಕೊನೆಗೆ ತಲೆಯ ಕ್ಲಿಪ್ಪನ್ನೂ ತೆಗೆದು ಉಸಿರು ಬಿಗಿಹಿಡಿದು ನಿಂತಳು. ಇಬ್ಬರೂ ಗೋಡೆಯ ಕಡೆ ನೋಡದೆ ಲಗುಬಗೆಯಿಂದ ಇಳಿದು ಹೋದರು.

ಟೀಚರ್ ಹಳದಿ ಬಟ್ಟೆ ತೊಟ್ಟಿದ್ದಳು. ಶೂ ಬಿಚ್ಚಲಿಲ್ಲ. ಹೆಗಲ ಚೀಲವನ್ನೂ ಇಳಿಸಲಿಲ್ಲ. ಹತ್ತಿ, ಎರಡೂ ಪಾದ ಊರಿ ನಿಂತಳು. ಗೋಡೆಯ ಮೇಲೆ ಅಂಕಿಗಳು ಅತ್ತಿತ್ತ ಹೊಯ್ದಾಡಿದವು. ಬೆಂಚಿನ ಕಡೆ ಯಾರೋ ಪಿಸುಗುಟ್ಟಿದರು. ಅವಳು ತಲೆಯೆತ್ತಿ ಅಂಕಿಗಳನ್ನೇ ನೋಡುತ್ತಿದ್ದಳು.

"ಸಾಕು, ಇಳೀರಿ," ಎಂದ ಕೌಂಟರಿನವನು.

"ತಡೀರಿ, ಇನ್ನೂ ನಿಂತಿಲ್ಲ," ಎಂದ ಅವಳ ಗಂಡ. ಅಲ್ಲೇ ಮಂಡಿಯೂರಿ, ತಕ್ಕಡಿ ಮಟ್ಟವಾಗಿ ಕೂತಿದೆಯೋ ಇಲ್ಲವೋ ತಿಳಿಯಲು ಅದರ ಮೂಲೆಯಲ್ಲಿದ್ದ ಪುಟ್ಟ ಗಾಜಿನೊಳಗಿನ ಗಾಳಿಗುಳ್ಳೆ ನಡುವಿನ ಗೆರೆಗೆ ಬಂದಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಹಿಂದಿನ ಸಾಲಿನವರು ಕಾಯುತ್ತಿದ್ದರು. ಕಿಟಕಿಯಾಚೆ ರನ್‌ವೇ ಮುಗಿದಲ್ಲಿಂದಲೇ ಸಮುದ್ರ ಶುರುವಾಗಿತ್ತು. ಅಂಕಿಗಳು ಮೆಲ್ಲಗೆ ಒಂದು ಕಡೆ ನಿಂತವು. ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.