ಮನೆಮಂದಿಯೆಲ್ಲ ಒತ್ತಿದ ಜಾಹೀರಾತು

ಅಪ್ಪ ಹೇಳಿದ್ದು ಒಂದೇ ಮಾತು. "ಈ ತಿಂಗಳು ಮುಗಿಯೋದ್ರೊಳಗೆ ಗುರುತು ಪರಿಚಯ ಇಲ್ಲದೋರು ಒಬ್ಬರಾದ್ರೂ ನನ್ನ ಕೈಲಿ ಕಾಲಿಗೆ ಜೋಡು ಮಾಡಿಸ್ಕೊಂಡ್ರೆ ಸರಿ. ಇಲ್ಲಾಂದ್ರೆ ಒಂದನೇ ತಾರೀಖಿಂದ ಆ ದೊಡ್ಡ ಶೋರೂಮಿಗೆ ಕೆಲಸಕ್ಕೆ ಹೋಗ್ತೀನಿ." ಶೋರೂಮಿನ ಕೆಲಸವೆಂದರೆ ಕಾರ್ಖಾನೆಯಿಂದ ಬಂದ ಬೂಟುಗಳನ್ನು ಡಬ್ಬಿಯಿಂದ ತೆಗೆದು ಗಿರಾಕಿಗಳ ಮುಂದಿಡುವುದು. ಮೂವತ್ತು ವರ್ಷ ಕೈಯಾರೆ ಜೋಡು ಹೊಲಿದ ಮನುಷ್ಯ ಯಾರದೋ ಡಬ್ಬಿ ಬಿಚ್ಚುತ್ತಾ ನಿಲ್ಲುವುದು ಮಗಳಿಗೆ ಸುತರಾಂ ಇಷ್ಟವಿರಲಿಲ್ಲ.

ಎರಡು ಕಾಲೂ ಒಂದೇ ಅಳತೆ ಇಲ್ಲದವರಿಗೆ ಜೋಡು ಮಾಡುವುದರಲ್ಲಿ ಅಪ್ಪನದು ಎತ್ತಿದ ಕೈ. ಆದರೆ ಒಂದು ಬೀದಿಯಲ್ಲಿ ಅಂಥ ಕಾಲಿನವರು ಎಷ್ಟು ಜನ ಸಿಕ್ಕಾರು? ಅದಕ್ಕೇ ಮಗಳು ಆನ್‌ಲೈನ್ ಅಂಗಡಿ ತೆರೆದಿದ್ದಳು. ಅಲ್ಲೂ ನೊಣ ಹೊಡೆಯುವುದೇ ಆದಾಗ ಸರ್ಚ್ ಜಾಹೀರಾತಿಗೆ ಕೈ ಹಾಕಿದಳು. ಯಾರಾದರೂ ಫೋನಿನಲ್ಲಿ ಜೋಡು ಹುಡುಕಿದರೆ ಇವರ ಅಂಗಡಿಯ ಹೆಸರು ಎಲ್ಲಕ್ಕಿಂತ ಮೇಲೆ ಬರುತ್ತದೆ. ಅದನ್ನು ಒತ್ತಿದರೆ ಮಾತ್ರ ಇವರ ದುಡ್ಡು ಕರಗುತ್ತದೆ. ದಿನಕ್ಕೆ ಇಷ್ಟೇ ಎಂದು ಅವಳು ಮಿತಿ ಹಾಕಿದ್ದಳು. ಅದು ಮುಗಿದರೆ ಅವತ್ತಿಗೆ ಜಾಹೀರಾತು ಬಂದ್.

ಮೊದಲ ದಿನ ಹೆಸರು ಮೇಲೆ ಕಂಡಿದ್ದೇ ತಡ, ಹಿರಿಹಿರಿ ಹಿಗ್ಗಿ ಅದರ ಚಿತ್ರವನ್ನು ಮನೆಯವರ ಗ್ರೂಪಿಗೆ ಹಾಕಿದಳು. ಎಡವಟ್ಟಾಗಿದ್ದೇ ಅಲ್ಲಿ. ಮಾರನೆಯ ದಿನದಿಂದ ಬೆಳಿಗ್ಗೆ ಹತ್ತು ಹೊಡೆಯುವಷ್ಟರಲ್ಲಿ ಅಂದಿನ ದುಡ್ಡು ಖಲಾಸ್! ಬರುವವರು ದಂಡುದಂಡಾಗಿ ಬರುತ್ತಿದ್ದರು, ಕೊಳ್ಳುವವರ ಸುಳಿವೇ ಇಲ್ಲ. ಮೂರನೆಯ ವಾರ ತಲೆ ಕೆಟ್ಟು, ಯಾವ ಊರಿನವರು ಒತ್ತುತ್ತಿದ್ದಾರೆಂದು ನೋಡಿದಳು. ಅತ್ತೆಯ ಊರು, ಚಿಕ್ಕಪ್ಪನ ಊರು, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮದೇ ಊರು.

ಅತ್ತೆಗೆ ಫೋನ್ ಮಾಡಿದಳು.

"ಹೂಂ ಕಣೇ, ದಿನಾ ಎದ್ದ ತಕ್ಷಣ ಹುಡುಕಿ ಒತ್ತೀನಿ. ಮಾವನ ಫೋನಿಂದಾನೂ ಒತ್ತಿಸ್ತೀನಿ. ನಮ್ಮಣ್ಣನ ಅಂಗಡಿ, ನಾವಲ್ದೆ ಇನ್ಯಾರು ಒತ್ಬೇಕು?"

ಇಂಥ ಪ್ರೀತಿಗೆ ನಗಬೇಕೋ ಅಳಬೇಕೋ! ಆದರೆ ತಮ್ಮ ಊರಿನಲ್ಲಿ ಒತ್ತುತ್ತಿರುವವರು ಯಾರು? ಅದನ್ನೇ ಯೋಚಿಸುತ್ತಾ ಕೆಲಸದ ಕೋಣೆಗೆ ಹೋದರೆ, ಅಪ್ಪ ಕನ್ನಡಕ ಹಣೆಗೇರಿಸಿ, ಫೋನನ್ನು ದೂರ ಹಿಡಿದು, ಬೆರಳಿನಿಂದ ಟಕ್ ಎಂದು ಒತ್ತುತ್ತಿದ್ದ.

"ಅಪ್ಪಾ! ನೀನೂನಾ? ಒಂದೊಂದು ಸಲ ಒತ್ತಿದಾಗ್ಲೂ ನಮ್ದೇ ದುಡ್ಡು ಹೋಗುತ್ತೆ!"

ಅಪ್ಪನ ಮುಖ ಸಣ್ಣದಾಯಿತು. "ನಂಗೇನು ಗೊತ್ತು? ಅಷ್ಟು ದೊಡ್ಡ ದೊಡ್ಡ ಕಂಪನಿಗಳ ಮೇಲೆ ನಮ್ಮ ಹೆಸರು... ನೋಡೋಕೆ ಚೆನ್ನಾಗಿತ್ತು."

ಬೈಯಬೇಕೆಂದು ಬಾಯಿ ತೆರೆದವಳಿಗೆ ಅಪ್ಪನ ಮೇಲೆ ಮುದ್ದು ಉಕ್ಕಿಬಂತು. ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಅಪ್ಪ ಗಮನವಿಟ್ಟು ಕೇಳಿ, "ಸರಿ, ನಾನು ನಮ್ಮ ಅಂಗಡಿ ಹೆಸರು ಹಾಕಿ ಹುಡುಕ್ತಿದ್ದೆ. ಬೇರೆ ಜನ ಏನಂತ ಹುಡುಕಿದ್ರೆ ನಾವು ಬರೋದು?" ಎಂದ.

"ಕಸ್ಟಮ್ ಪಾದರಕ್ಷೆ ಅಂತ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಮೂವತ್ತು ವರ್ಷದಲ್ಲಿ ಒಬ್ಬರೂ ನನ್ನ ಹತ್ರ ಹಾಗಂದಿಲ್ಲ ಮಗಳೇ. 'ಒಂದು ಕಾಲು ದೊಡ್ಡದು' ಅಂತಾರೆ. 'ಬಲಗಾಲಿಗೆ ಕಚ್ಚುತ್ತೆ, ಎಡಗಾಲಿಂದು ಕಳಚಿ ಬೀಳುತ್ತೆ' ಅಂತಾರೆ."

ಅವನು ಹೇಳಿದ್ದನ್ನೆಲ್ಲ ಅವಳು ಅಲ್ಲೇ ಜಾಹೀರಾತಿಗೆ ಸೇರಿಸಿದಳು. ಗ್ರೂಪಿನಲ್ಲಿ "ನೋಡಿ ಖುಷಿಪಡಿ, ದಮ್ಮಯ್ಯ, ಮುಟ್ಟಬೇಡಿ" ಎಂದು ಬರೆದಳು. ಅತ್ತೆ ಎರಡು ದಿನ ಮುನಿಸಿಕೊಂಡರು.

ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ ಉಳಿದಿದ್ದಾಗ ಒಂದು ಆರ್ಡರ್ ಬಂತು. ಮಗಳು ಅದರ ಜೊತೆಗಿದ್ದ ಪತ್ರವನ್ನು ಅಪ್ಪನಿಗೆ ಓದಿ ಹೇಳಿದಳು. 'ಚಿಕ್ಕಂದಿನಿಂದ ಬೇರೆ ಬೇರೆ ಅಳತೆಯ ಎರಡು ಜೊತೆ ಕೊಂಡು ಒಂದೊಂದನ್ನು ಬಿಸಾಡುತ್ತಿದ್ದೇನೆ. ಅಂಗಡಿಯಲ್ಲಿ ಕಾಲು ತೋರಿಸಲು ನಾಚಿಕೆ. ನನ್ನ ಕಾಲು ಯಾಕೆ ಹೀಗೆ ಎಂದು ನಿಮಗೆ ಹೇಳಬೇಕಾ?'

ಅಪ್ಪ ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. "ಬರಿ," ಎಂದ. "ಏನೂ ಹೇಳೋದು ಬೇಡ. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತೆ, ಆಗ ಎರಡೂ ಕಾಲನ್ನ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸಿ. ಅಷ್ಟು ಸಾಕು."

ಬರೆದು ಮುಗಿಸುವಷ್ಟರಲ್ಲಿ ಅವನಿಗೆ ಅನುಮಾನ ಬಂತು. "ಇವರು ನಿಮ್ಮತ್ತೆ ಕಡೆಯೋರಲ್ಲ ತಾನೆ?"

"ಅಲ್ಲಪ್ಪ. ಯಾರೋ. ನಮಗೆ ಏನೇನೂ ಆಗ್ಬೇಕಾಗಿಲ್ಲ."

"ಯಾರೋ," ಎಂದು ಅಪ್ಪ ಬಾಯಿ ತುಂಬ ಹೇಳಿಕೊಂಡ. ಆಮೇಲೆ ಶೋರೂಮಿಗೆ ಫೋನ್ ಮಾಡಿ, ಒಂದನೇ ತಾರೀಖಿಗೆ ಬರಲಾಗುವುದಿಲ್ಲ, ಇಲ್ಲಿ ಕೈತುಂಬ ಕೆಲಸವಿದೆ ಎಂದು ತಿಳಿಸಿದ.